ಕಾಲ ಕೇಳಿದ ಯಂತ್ರಗಳು: ಪ್ಲಾಂಕ ಮತ್ತು ಕಾಂಪ್ ಅವರ ಬರಹಗಳನ್ನು ಕುರಿತು

ವಿಮರ್ಶೆಗೆ ವಸ್ತುವಾಗಬೇಕಾದರೆ ಬರಹವು ಕಾವ್ಯವೋ ನಾಟಕವೋ ಆಗಿರಲೇಬೇಕೆಂಬ ನಿಯಮವೇನೂ ಇಲ್ಲ. ಶಾಸನಗಳ ಗದ್ಯವನ್ನೂ ವೈದ್ಯ, ಗಣಿತ, ಸೂಪಶಾಸ್ತ್ರಗಳ ಗ್ರಂಥಗಳನ್ನೂ ನಮ್ಮ ಸಾಹಿತ್ಯಚರಿತ್ರೆಕಾರರು ಹೊರಗಿಟ್ಟಿಲ್ಲ. ಆದರೆ ಯಂತ್ರಗಳ ವ್ಯವಹಾರದಲ್ಲಿ ಏನಾದರೂ ಕೆಟ್ಟಾಗ, ಅದು ಹೇಗೆ ಕೆಟ್ಟಿತೆಂಬುದನ್ನು ಕಂಡುಹಿಡಿದವನು ತನ್ನ ಸಮಾನಧರ್ಮಿಗಳಿಗಾಗಿ ಬರೆದಿಡುವ ದೋಷವರದಿಯೆಂಬ ಪ್ರಕಾರಕ್ಕೆ ಈ ಮನ್ನಣೆ ಇನ್ನೂ ದೊರೆತಿಲ್ಲ. ದೊರೆಯದಿರುವುದಕ್ಕೆ ಕಾರಣ ಆ ಬರಹಗಳ ಪಾರಿಭಾಷಿಕ ಪದಗಳೇ ಹೊರತು ಅವುಗಳ ಬಡತನವಲ್ಲ. ಒಳ್ಳೆಯ ದೋಷವರದಿಯಲ್ಲಿ ಸಾಕ್ಷ್ಯದ ಸಂಗ್ರಹವಿದೆ, ಊಹೆಯ ಪರೀಕ್ಷೆಯಿದೆ, ಬರೆದವನ ಶೀಲವಿದೆ. ಪ್ರಕೃತ ಲೇಖನದಲ್ಲಿ ಒಂದೇ ಬಗೆಯ ಅನರ್ಥವನ್ನು ಕುರಿತ ಮೂರು ಬರಹಗಳನ್ನು ಪರಿಶೀಲಿಸಲಾಗಿದೆ. ಅಮೆರಿಕದ ವಿಸ್ಕಾನ್ಸಿನ್–ಮ್ಯಾಡಿಸನ್ ವಿಶ್ವವಿದ್ಯಾನಿಲಯದ ಜಾಲತಂತ್ರಜ್ಞರಾದ ಡೇವ್ ಪ್ಲಾಂಕ ಅವರು ೨೦೦೩ರಲ್ಲಿ ಪ್ರಕಟಿಸಿದ ವರದಿಯು ಮೊದಲನೆಯದು. ಅದರಿಂದ ಹುಟ್ಟಿದ, ಅವರೇ ೨೦೦೫ರಲ್ಲಿ ಬರೆದ ನಿಯಮಪತ್ರ ಎರಡನೆಯದು. ಡೆನ್ಮಾರ್ಕಿನ ಪೌಲ್-ಹೆನ್ನಿಂಗ್ ಕಾಂಪ್ ಅವರು ೨೦೦೬ರಲ್ಲಿ ಒಂದು ಕಂಪನಿಗೆ ಬರೆದ ಬಹಿರಂಗ ಪತ್ರ ಮೂರನೆಯದು.

ವಿಷಯಕ್ಕೆ ಹೊಸಬರಾದ ವಾಚಕರಿಗಾಗಿ ಹಿನ್ನೆಲೆಯನ್ನು ಸ್ವಲ್ಪದರಲ್ಲಿ ಹೇಳಬೇಕು. ಮನೆಗೆ ಬಂದ ಇಂಟರ್ನೆಟ್ ಸಂಪರ್ಕವನ್ನು ಮನೆಯೊಳಗಿನ ಕಂಪ್ಯೂಟರುಗಳಿಗೂ ಫೋನುಗಳಿಗೂ ಹಂಚುವ ಚಿಕ್ಕ ಪೆಟ್ಟಿಗೆಗೆ ರೌಟರ್ ಎಂದು ಹೆಸರು. ಅದು ಹೇಗೆ ನಡೆದುಕೊಳ್ಳಬೇಕೆಂದು ಕಾರ್ಖಾನೆಯಲ್ಲಿಯೇ ಅದರೊಳಗೆ ಬರೆದಿಟ್ಟ ಆದೇಶಗಳ ಸಮೂಹವೇ ಫರ್ಮ್‌ವೇರ್. ಇಂತಹ ಅಗ್ಗದ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಬ್ಯಾಟರಿಯಿಂದ ನಡೆಯುವ ಗಡಿಯಾರವಿರುವುದಿಲ್ಲ. ಆದುದರಿಂದ ವಿದ್ಯುತ್ತು ಬಂದೊಡನೆ ಅದು ಎಚ್ಚತ್ತು, ಈಗ ಎಷ್ಟು ಹೊತ್ತೆಂದು ಹೊರಗೆ ಯಾರನ್ನಾದರೂ ಕೇಳಬೇಕಾಗುತ್ತದೆ. ಉತ್ತರ ಕೊಡುವ ಯಂತ್ರಗಳಿಗೆ ಟೈಮ್ ಸರ್ವರ್‌ಗಳೆಂದು ಹೆಸರು. ಕೇಳುವ, ಹೇಳುವ ಈ ಕ್ರಮಕ್ಕೆ ಎನ್.ಟಿ.ಪಿ. ಎಂಬ ಕಟ್ಟಳೆಯನ್ನು ರೂಪಿಸಿ ೧೯೮೫ರಲ್ಲಿ ಪ್ರಕಟಿಸಿದವರು ಡೇವಿಡ್ ಮಿಲ್ಸ್. ೨೦೨೪ರಲ್ಲಿ ತೀರಿಕೊಳ್ಳುವವರೆಗೂ ಆ ಶಾಸ್ತ್ರಕ್ಕೆ ಅವರೇ ಆಚಾರ್ಯರಾಗಿದ್ದರೆಂದರೆ ಅತಿಶಯೋಕ್ತಿಯಾಗದು. ಈ ವ್ಯವಸ್ಥೆಯಲ್ಲಿ ಅಂತಸ್ತುಗಳಿವೆ. ಪರಮಾಣು ಗಡಿಯಾರಕ್ಕೋ ಉಪಗ್ರಹದಿಂದ ಬರುವ ಜಿ.ಪಿ.ಎಸ್. ಸಂಕೇತಕ್ಕೋ ನೇರವಾಗಿ ಅಂಟಿಕೊಂಡಿರುವ ಸರ್ವರ್‌ಗಳು ಮೊದಲನೆಯ ಅಂತಸ್ತಿನವು. ಅವನ್ನು ಕೇಳಿ ತಿಳಿದು ಇತರರಿಗೆ ಹೇಳುವಂಥವು ಎರಡನೆಯ ಅಂತಸ್ತಿನವು. ಇವುಗಳಲ್ಲಿ ಬಹುಭಾಗ ವಿಶ್ವವಿದ್ಯಾನಿಲಯಗಳೂ ಪ್ರಯೋಗಶಾಲೆಗಳೂ ಒಬ್ಬೊಬ್ಬ ಆಸಕ್ತರೂ ಯಾವ ಶುಲ್ಕವನ್ನೂ ಪಡೆಯದೆ ನಡೆಸಿಕೊಂಡು ಬಂದವು. ಬೇಸಗೆಯಲ್ಲಿ ದಾರಿಯ ಮಗ್ಗುಲಲ್ಲಿ ತೆರೆದ ಅರವಟ್ಟಿಗೆಯನ್ನು ನೆನೆದರೆ ಇದರ ಸ್ವರೂಪ ತಿಳಿದೀತು. ನೀರಿಗೆ ಬೆಲೆಯಿಲ್ಲ, ಆದರೆ ಹೊತ್ತು ತಂದವನಿಗೆ ಶ್ರಮವಿದೆ.

ಇನ್ನು ಪ್ಲಾಂಕ ಅವರ ವರದಿ. ೨೦೦೩ರ ಮೇ ತಿಂಗಳಿನಲ್ಲಿ ಅವರ ವಿಶ್ವವಿದ್ಯಾನಿಲಯದ ಒಂದು ಸಾರ್ವಜನಿಕ ಟೈಮ್ ಸರ್ವರ್‌ನ ಕಡೆಗೆ ಹೊರಗಿನಿಂದ ಪ್ಯಾಕೆಟ್ಟುಗಳ ಪ್ರವಾಹ ಹರಿಯತೊಡಗಿತು. ಇಂತಹ ಪ್ರವಾಹವನ್ನು ಕಂಡ ಜಾಲರಕ್ಷಕನಿಗೆ ಮೊದಲು ತೋರುವುದು ದುರುದ್ದೇಶ: ಯಾರೋ ವೈರಿಗಳು ಸಾವಿರಾರು ಯಂತ್ರಗಳನ್ನು ವಶಪಡಿಸಿಕೊಂಡು ದಾಳಿಗೆ ಹಚ್ಚಿದ್ದಾರೆ ಎಂಬ ಊಹೆ. ಅಲ್ಲಿಯವರೂ ಹಾಗೆಯೇ ಊಹಿಸಿ, ವಿಶ್ವವಿದ್ಯಾನಿಲಯದ ಜಾಲದ ಗಡಿಯಲ್ಲಿಯೇ ಆ ಪ್ಯಾಕೆಟ್ಟುಗಳನ್ನು ತಡೆದರು. ದಾಳಿಯಾಗಿದ್ದರೆ ಫಲ ಕಾಣದೆ ದಾಳಿಕಾರರು ಕೆಲವು ದಿನಗಳಲ್ಲಿ ಹಿಮ್ಮೆಟ್ಟಬೇಕಾಗಿತ್ತು. ಇಲ್ಲಿ ಆದದ್ದು ವಿಪರೀತ. ತಡೆದಷ್ಟೂ ಪ್ರವಾಹ ಏರಿತು. ಜೂನ್ ತಿಂಗಳಿನ ಹೊತ್ತಿಗೆ ಸೆಕೆಂಡಿಗೆ ೨,೫೦,೦೦೦ ಪ್ಯಾಕೆಟ್ಟುಗಳಾಗಿ, ೧೫೦ ಮೆಗಾಬಿಟ್ಟಿನ ವೇಗವನ್ನು ಮುಟ್ಟಿತು. (ಈ ಎರಡು ಅಂಕಗಳು ಒಂದಕ್ಕೊಂದು ಹೊಂದುತ್ತವೆಯೇ ಎಂದು ಗುಣಿಸಿ ನೋಡಬಹುದು. ಎನ್.ಟಿ.ಪಿ. ಪ್ರಶ್ನೆಯ ಗಾತ್ರ ೪೮ ಬೈಟು, ಅದರ ಮೇಲಿನ ವಿಳಾಸದ ಹೊದಿಕೆ ೨೮ ಬೈಟು, ಒಟ್ಟು ೭೬ ಬೈಟು ಎಂದರೆ ೬೦೮ ಬಿಟ್ಟು. ಎರಡೂವರೆ ಲಕ್ಷದಿಂದ ಗುಣಿಸಿದರೆ ಹದಿನೈದು ಕೋಟಿ ಇಪ್ಪತ್ತು ಲಕ್ಷ ಬಿಟ್ಟು. ಲೆಕ್ಕ ಸರಿಯಾಗಿದೆ.)

ಪ್ರವಾಹದ ಮೂಲವನ್ನು ಹುಡುಕಿದ ಬಗೆಯು ನಮ್ಮಂತಹ ಭಾಷಾಧ್ಯಾಪಕರಿಗೆ ವಿಶೇಷವಾಗಿ ರುಚಿಸುವಂಥದು. ಕಳುಹಿಸಿದವರ ವಿಳಾಸಗಳು ಲಕ್ಷಾಂತರ, ಲೋಕದ ನಾನಾ ಭಾಗದವು, ಪರಸ್ಪರ ಸಂಬಂಧವಿಲ್ಲದವು. ಆದರೆ ಪ್ರತಿಯೊಂದು ಪ್ಯಾಕೆಟ್ಟೂ ತಾನು ಹೊರಟ ದ್ವಾರದ ಸಂಖ್ಯೆಯೆಂದು ೨೩೪೫೭ ಎಂಬ ಒಂದೇ ಅಂಕವನ್ನು ಹೊತ್ತುಕೊಂಡಿತ್ತು. ಸ್ವತಂತ್ರವಾಗಿ ಬರೆದ ಬೇರೆ ಬೇರೆ ಆದೇಶಮಾಲೆಗಳು ಆಕಸ್ಮಿಕವಾಗಿ ಈ ಒಂದೇ ಅಂಕವನ್ನು ಆರಿಸಿಕೊಳ್ಳುವುದು ಅಸಂಭವ. ಗ್ರಂಥಸಂಪಾದನೆಯಲ್ಲಿ ತೊಡಗಿದವರಿಗೆ ಈ ತರ್ಕ ಹೊಸದಲ್ಲ. ದೂರದೂರದ ಮಠಗಳಲ್ಲಿ ದೊರೆತ ಓಲೆಯ ಪ್ರತಿಗಳೆಲ್ಲ ಒಂದೇ ಸ್ಥಳದಲ್ಲಿ ಒಂದೇ ಅಪಪಾಠವನ್ನು ತೋರಿದರೆ ಅವುಗಳಿಗೆಲ್ಲ ಒಂದೇ ಮಾತೃಪ್ರತಿಯಿರಬೇಕೆಂದು ನಾವು ನಿಶ್ಚಯಿಸುತ್ತೇವೆ. ಸಮಾನವಾದ ಸರಿಪಾಠ ಏನನ್ನೂ ಸಾಧಿಸುವುದಿಲ್ಲ. ಸಮಾನವಾದ ವಿಲಕ್ಷಣತೆಯೇ ವಂಶವನ್ನು ಹೇಳುತ್ತದೆ. ಇಲ್ಲಿಯ ಮಾತೃಪ್ರತಿ ನೆಟ್‌ಗಿಯರ್ ಕಂಪನಿಯ ಫರ್ಮ್‌ವೇರ್ ಆಗಿತ್ತು. ಆ ಕಂಪನಿಯ ನಾಲ್ಕು ಮಾದರಿಯ ರೌಟರ್‌ಗಳಲ್ಲಿ ವಿಸ್ಕಾನ್ಸಿನ್ನಿನ ಆ ಸರ್ವರ್‌ನ ಸಂಖ್ಯಾರೂಪದ ವಿಳಾಸವನ್ನು ಅಳಿಸಲಾಗದಂತೆ ಬರೆದಿಡಲಾಗಿತ್ತು; ಕಾಲವನ್ನು ತಿಳಿಯಲು ಆ ಯಂತ್ರಗಳಿಗೆ ಬೇರೆ ಗತಿಯೇ ಇರಲಿಲ್ಲ. ತಯಾರಾದ ಪ್ರತಿಗಳ ಸಂಖ್ಯೆ ೭,೦೭,೧೪೭. ಅಲ್ಲದೆ, ಉತ್ತರ ಬಾರದಿದ್ದರೆ ಬರುವವರೆಗೂ ಸೆಕೆಂಡಿಗೊಮ್ಮೆ ಕೇಳುತ್ತಲೇ ಇರಬೇಕೆಂಬುದು ಅವುಗಳಿಗೆ ಕೊಟ್ಟ ಆಜ್ಞೆ.

ತಡೆದಷ್ಟೂ ಪ್ರವಾಹ ಏಕೆ ಏರಿತೆಂಬುದು ಈಗ ಅರ್ಥವಾಗುತ್ತದೆ. ಗಡಿಯಲ್ಲಿ ಪ್ರಶ್ನೆಗಳನ್ನು ತಡೆದುದರಿಂದ ಉತ್ತರಗಳು ನಿಂತವು; ಉತ್ತರಗಳು ನಿಂತುದರಿಂದ, ಅಪರೂಪಕ್ಕೊಮ್ಮೆ ಕೇಳುತ್ತಿದ್ದ ಯಂತ್ರಗಳೂ ಸೆಕೆಂಡಿಗೊಮ್ಮೆ ಕೇಳತೊಡಗಿದವು. ಮೌನಕ್ಕೆ ಲೋಕದಲ್ಲಿ ನೂರು ಅರ್ಥಗಳಿವೆ. ಈ ಯಂತ್ರಗಳಿಗೆ ತಿಳಿದಿದ್ದುದು ಒಂದೇ: ಇನ್ನೊಮ್ಮೆ ಕೇಳು. ಏಳು ಲಕ್ಷ ಯಂತ್ರಗಳೂ ಏಕಕಾಲದಲ್ಲಿ ಈ ಅವಸ್ಥೆಗೆ ಬಂದಿದ್ದರೆ ಪ್ರವಾಹ ಸೆಕೆಂಡಿಗೆ ನಲವತ್ತಮೂರು ಕೋಟಿ ಬಿಟ್ಟುಗಳನ್ನು ಮುಟ್ಟುತ್ತಿತ್ತು.

ಈ ವರದಿಯ ಮುಖ್ಯ ಗುಣವೆಂದು ನಾವು ಎಣಿಸುವುದು ಅದರ ಪತ್ತೇದಾರಿಯನ್ನಲ್ಲ. ತಮ್ಮ ಮೊದಲ ಊಹೆ ತಪ್ಪೆಂಬುದನ್ನೂ ಲೇಖಕರು ಬರಹದಿಂದ ಅಳಿಸಲಿಲ್ಲ. ಅದೇ ಇದರ ಹೆಚ್ಚಳ. ಫಲಿತಾಂಶ ಕೈಗೆ ಬಂದ ಮೇಲೆ ಬರೆಯುವವನಿಗೆ, ತಾನು ಮೊದಲಿನಿಂದಲೂ ಸರಿದಾರಿಯಲ್ಲಿಯೇ ನಡೆದೆನೆಂದು ಕಥೆಯನ್ನು ನೇರ್ಪಡಿಸುವ ಪ್ರಲೋಭನೆ ಬಲವಾಗಿರುತ್ತದೆ. ನಮ್ಮ ಸಂಶೋಧನ ಪ್ರಬಂಧಗಳಲ್ಲಿ ಎಷ್ಟೋ ಈ ಪ್ರಲೋಭನೆಗೆ ಒಳಗಾದುವೇ. ಪ್ಲಾಂಕ ಅವರು ದಾಳಿಯೆಂದು ಭಾವಿಸಿದುದನ್ನೂ, ಹೂಡಿದ ರಕ್ಷಣೆ ನೆರವಿಗೆ ಬಾರದುದನ್ನೂ ನಡೆದ ಕ್ರಮದಲ್ಲಿಯೇ ಇಟ್ಟಿದ್ದಾರೆ. ಇಟ್ಟುದರಿಂದಲೇ ಓದುಗನಿಗೆ ಯಂತ್ರದ ಸ್ವಭಾವ ತಿಳಿಯುತ್ತದೆ. ಆ ತಪ್ಪನ್ನು ತೆಗೆದುಹಾಕಿದ್ದರೆ ವರದಿಯ ಅತ್ಯಂತ ಬೆಲೆಯುಳ್ಳ ಸಾಕ್ಷ್ಯವೇ ಕಳೆದುಹೋಗುತ್ತಿತ್ತು. ಈ ತೊಂದರೆ ತಮ್ಮ ವಿಶ್ವವಿದ್ಯಾನಿಲಯವನ್ನು ಇನ್ನೂ ಹಲವು ವರ್ಷ ಬಿಡದೆಂದು ಮುಂದಾಗಿ ಹೇಳುವಲ್ಲಿಯೂ ಇದೇ ಪ್ರಾಮಾಣಿಕತೆಯಿದೆ.

ಆದರೆ ವರದಿಯ ಭಾವನೆಯ ಚೌಕಟ್ಟನ್ನು ಒಪ್ಪಿಕೊಳ್ಳುವುದು ಕಷ್ಟ. ಅದು ಎಲ್ಲವನ್ನೂ ‘ವಿನ್ಯಾಸದ ದೋಷ’ ಎಂಬ ಒಂದು ಮಾತಿನಲ್ಲಿ ಅಡಗಿಸುತ್ತದೆ. ನಿಜವಾಗಿ ಇಲ್ಲಿ ಎರಡು ಸಂಗತಿಗಳಿವೆ. ಅವೆರಡೂ ಒಂದೇ ಜಾತಿಯವಲ್ಲ. ಸೆಕೆಂಡಿಗೊಮ್ಮೆ ಕೇಳುವುದು ಆದೇಶ ಬರೆದವನ ಅಜಾಗ್ರತೆ, ಅದನ್ನು ದೋಷವೆನ್ನಬಹುದು. ಪರರ ಸರ್ವರ್‌ನ ವಿಳಾಸವನ್ನು ತನ್ನ ಲಕ್ಷಾಂತರ ಸರಕುಗಳಲ್ಲಿ ಕೊರೆದಿಡುವುದು ಅಜಾಗ್ರತೆಯಲ್ಲ; ಅದು ಒಂದು ನಿರ್ಧಾರ. ಯಾರೋ ಆ ವಿಳಾಸವನ್ನು ಆರಿಸಿದರು, ಬರೆದರು, ಸರಕನ್ನು ಮಾರಿದರು. ವರದಿಯು ಈ ಎರಡನೆಯದರ ಮೇಲೆ ಹೆಚ್ಚು ನಿಲ್ಲುವುದಿಲ್ಲ. ಕಂಪನಿಯು ವಿಶ್ವವಿದ್ಯಾನಿಲಯದೊಡನೆ ಸಹಕರಿಸುತ್ತಿದೆಯೆಂಬುದನ್ನು ಉಪಶೀರ್ಷಿಕೆಯಲ್ಲಿಯೇ ಸಾರಿರುವ ಬರಹದಿಂದ ಅದನ್ನು ನಿರೀಕ್ಷಿಸಲೂ ಆಗದೇನೋ. ಸಹಕಾರ ನಡೆದದ್ದೂ ಹೌದು. ಹೊಸ ಫರ್ಮ್‌ವೇರ್‌ನಲ್ಲಿ ಯಂತ್ರಗಳು ಕಂಪನಿಯ ಸ್ವಂತ ಸರ್ವರ್‌ಗಳನ್ನೇ ಕೇಳುವಂತೆಯೂ, ಹತ್ತು ನಿಮಿಷಕ್ಕೊಮ್ಮೆಯಷ್ಟೇ ಕೇಳಿ ಐದು ಸಲ ವಿಫಲವಾದರೆ ಸುಮ್ಮನಾಗುವಂತೆಯೂ ಮಾಡಲಾಯಿತು. ಕಂಪನಿಯು ವಿಶ್ವವಿದ್ಯಾನಿಲಯಕ್ಕೆ ೩,೭೫,೦೦೦ ಡಾಲರುಗಳ ಕೊಡುಗೆಯನ್ನೂ ಕೊಟ್ಟಿತು. ಆದರೆ ತಿದ್ದಿದ ಫರ್ಮ್‌ವೇರ್ ಗ್ರಂಥದ ಕಡೆಯಲ್ಲಿ ಅಂಟಿಸುವ ತಪ್ಪು–ಒಪ್ಪುಗಳ ಪಟ್ಟಿಯಂತೆ: ಆಗಲೇ ಮಾರಾಟವಾದ ಪ್ರತಿಗಳಿಗೆ ಅದು ತಾನಾಗಿ ಹೋಗಿ ಅಂಟಿಕೊಳ್ಳದು. ಮನೆಯ ಮೂಲೆಯಲ್ಲಿ ಪೆಟ್ಟಿಗೆ ಚೆನ್ನಾಗಿಯೇ ಕೆಲಸ ಮಾಡುತ್ತಿರುವಾಗ ಅದರ ಒಡೆಯನು ಅದನ್ನು ತಿದ್ದಲು ಏಕೆ ಹೋದಾನು?

ಎರಡನೆಯ ಬರಹವು ಇದೇ ಲೇಖಕರದು. ೨೦೦೫ರ ಜೂನ್‌ನಲ್ಲಿ ಪ್ರಕಟವಾದ ಆರ್.ಎಫ್.ಸಿ. ೪೦೮೫. ಇಂಟರ್ನೆಟ್ಟಿನ ಕಟ್ಟಳೆಗಳನ್ನು ನಿರೂಪಿಸುವ ಸಾರ್ವಜನಿಕ ಪತ್ರಮಾಲೆಗೆ ಸೇರಿದ ಈ ಚಿಕ್ಕ ಬರಹ ಲಕ್ಷ್ಯದಿಂದ ಲಕ್ಷಣಕ್ಕೆ ಏರಿದುದಕ್ಕೆ ಒಳ್ಳೆಯ ಉದಾಹರಣೆ. ವರದಿಯಲ್ಲಿ ಕಥೆಯಾಗಿದ್ದುದು ಇಲ್ಲಿ ನಿಯಮವಾಗಿದೆ. ನೆಟ್‌ಗಿಯರ್‌ನ ಪ್ರಸಂಗ ಅನುಬಂಧಕ್ಕೆ ಸರಿದಿದೆ. ನಿಯಮದ ಸಾರವೇನೆಂದರೆ, ಸಂಖ್ಯಾರೂಪದ ವಿಳಾಸಗಳನ್ನು ಯಂತ್ರಗಳಲ್ಲಿ ಕೊರೆದಿಡಬಾರದು, ಹೆಸರುಗಳನ್ನು ಬಳಸಬೇಕು. ಹೆಸರಿಗೂ ಸಂಖ್ಯೆಗೂ ಇರುವ ನಂಟನ್ನು ಡಿ.ಎನ್.ಎಸ್. ಎಂಬ ವ್ಯವಸ್ಥೆಯಲ್ಲಿ ಹೆಸರಿನ ಒಡೆಯನೇ ಬೇಕಾದಾಗ ಬದಲಾಯಿಸಬಹುದು. ಸಂಖ್ಯೆಯನ್ನು ಕೊರೆದಿಟ್ಟರೆ ಆ ಮನೆ ಎಂದೆಂದಿಗೂ ಹೊರೆಯನ್ನು ಹೊರಬೇಕು. ಸೇವೆ ಒದಗಿಸುವವರಿಗೂ ಒಂದು ಬುದ್ಧಿವಾದವಿದೆ: ತಮ್ಮ ಸರ್ವರ್‌ಗಳ ಸಂಖ್ಯೆಗಳನ್ನು ಪ್ರಚಾರ ಮಾಡದೆ ಹೆಸರುಗಳನ್ನೇ ತಿಳಿಸಬೇಕು. ಇಷ್ಟನ್ನು ಹೇಳುವ ಬರಹವೇ ತನ್ನ ಅನುಬಂಧದಲ್ಲಿ ವಿಸ್ಕಾನ್ಸಿನ್ನಿನ ಸರ್ವರ್‌ನ ಸಂಖ್ಯೆಯನ್ನು ಪೂರ್ಣವಾಗಿ ಅಚ್ಚು ಮಾಡಿದೆಯಲ್ಲ ಎಂದು ಚುಚ್ಚುವವರು ಚುಚ್ಚಬಹುದು. ಅದು ಸಾಕ್ಷ್ಯ, ಸಾಕ್ಷ್ಯವನ್ನು ಮುಚ್ಚಿ ನಿಯಮವನ್ನಷ್ಟೇ ಕೊಡುವುದು ಲೇಖಕರ ರೀತಿಯಲ್ಲ.

ಈ ನಿಯಮ ಎಷ್ಟರಮಟ್ಟಿಗೆ ಸಾಲುತ್ತದೆಯೆಂಬುದಕ್ಕೆ ಪರೀಕ್ಷೆಯು ಆ ವರ್ಷವೇ ಡೆನ್ಮಾರ್ಕಿನಲ್ಲಿ ಒದಗಿತು. ಆ ದೇಶದಲ್ಲಿ ಜನರಿಗೆ ಕಾಲವನ್ನು ಒದಗಿಸುವ ಸರಕಾರೀ ಸಂಸ್ಥೆಯಿಲ್ಲದುದರಿಂದ ಕಾಂಪ್ ಅವರು ಸ್ವಂತ ಆಸಕ್ತಿಯಿಂದ ಮೊದಲನೆಯ ಅಂತಸ್ತಿನ ಒಂದು ಸರ್ವರ್ ನಡೆಸುತ್ತಿದ್ದರು. ಅಲ್ಲಿಯ ಜಾಲಗಳು ಕೂಡುವ ಕೇಂದ್ರವಾದ ಡಿ.ಐ.ಎಕ್ಸ್. ಅದಕ್ಕೆ ಉಚಿತ ಸಂಪರ್ಕ ಕೊಟ್ಟಿತ್ತು. ಆ ಕೇಂದ್ರಕ್ಕೆ ನೇರವಾಗಿ ಸೇರಿದ ಸರ್ವರ್‌ಗಳು ಮಾತ್ರ ಬಳಸತಕ್ಕದ್ದೆಂಬ ಷರತ್ತನ್ನು ಕಾಂಪ್ ಬಹಿರಂಗವಾಗಿ ಸಾರಿದ್ದರು. ದಾನಶಾಸನದಲ್ಲಿ ದಾನದ ಜೊತೆಗೇ ಅದರ ಕಟ್ಟನ್ನು ಬರೆಯುವಂತೆ ಎನ್ನಬಹುದು. ೨೦೦೫ರಲ್ಲಿ ಅಲ್ಲಿಗೆ ಬರುತ್ತಿದ್ದ ಪ್ಯಾಕೆಟ್ಟುಗಳಲ್ಲಿ ನೂರಕ್ಕೆ ೭೫ರಿಂದ ೯೦ರಷ್ಟು ಡಿ-ಲಿಂಕ್ ಕಂಪನಿಯ ರೌಟರ್‌ಗಳಿಂದ ಬಂದವೆಂದು ಅವರು ಕಂಡುಕೊಂಡರು. ಹೊರೆ ಹೆಚ್ಚಿದುದರಿಂದ ಕೇಂದ್ರವು ವರ್ಷಕ್ಕೆ ೫೪,೦೦೦ ಕ್ರೋನರ್ ಶುಲ್ಕವನ್ನು ಕೇಳಿತು. ನವೆಂಬರ್‌ನಲ್ಲಿ ಅವರು ಕಂಪನಿಗೆ ಬರೆದರು. ಕಂಪನಿಯು ತಪ್ಪನ್ನು ಒಪ್ಪಲಿಲ್ಲವೆಂದೂ, ತಮ್ಮ ಮೇಲೆಯೇ ಸುಲಿಗೆಯ ಆರೋಪ ಹೊರಿಸಿತೆಂದೂ, ಕೊಡಬಂದ ಹಣ ತಮ್ಮ ವೆಚ್ಚಕ್ಕೆ ಸಾಲದೆಂದೂ ಅವರ ದೂರು. ೨೦೦೬ರ ಏಪ್ರಿಲ್ ೭ರಂದು ಎಲ್ಲವನ್ನೂ ಬಹಿರಂಗಪಡಿಸಿದರು.

ಇಲ್ಲಿ ವಿಮರ್ಶಕನು ಗಮನಿಸಬೇಕಾದ ಅಂಶ ಒಂದಿದೆ. ಡಿ-ಲಿಂಕ್‌ನ ಯಂತ್ರಗಳಲ್ಲಿದ್ದುದು ಸಂಖ್ಯೆಯಲ್ಲ, ಹೆಸರುಗಳ ಪಟ್ಟಿ. ಹೆಸರನ್ನು ಬರೆ, ಸಂಖ್ಯೆಯನ್ನು ಬರೆಯಬೇಡವೆಂಬ ನಿಯಮದ ಅಕ್ಷರವನ್ನು ಆ ಪಟ್ಟಿ ಮೀರಿರಲಿಲ್ಲ. ಕಾಂಪ್ ಅವರು ತಮ್ಮ ಸರ್ವರ್‌ನ ಹೆಸರನ್ನು ಬದಲಾಯಿಸಿ ತಪ್ಪಿಸಿಕೊಳ್ಳಬಹುದಾಗಿತ್ತು. ಆದರೆ ಬದಲಾಯಿಸಿದರೆ ಆ ಹೆಸರನ್ನು ನಂಬಿಕೊಂಡಿದ್ದ ನ್ಯಾಯವಾದ ಬಳಕೆದಾರರೆಲ್ಲ ತಮ್ಮ ಯಂತ್ರಗಳನ್ನು ಒಂದೊಂದಾಗಿ ತಿದ್ದಬೇಕಾಗುತ್ತಿತ್ತು. ಅರವಟ್ಟಿಗೆಯನ್ನು ಬೇರೆ ದಾರಿಗೆ ಸಾಗಿಸಲು ಸಾಧ್ಯವೆಂಬುದು ಅದನ್ನು ನಂಬಿ ಬರುವ ದಾರಿಗರಿಗೆ ಸಮಾಧಾನವಲ್ಲ. ಪತ್ರ ಹೊರಬಿದ್ದ ಮೇಲೆ ಮತ್ತೊಂದು ಸಂಗತಿ ತಿಳಿಯಿತು. ಮೊದಲನೆಯ ಅಂತಸ್ತಿನ ಸರ್ವರ್‌ಗಳಲ್ಲಿ ಕಡಮೆಯೆಂದರೆ ನಲವತ್ತಮೂರರ ಷರತ್ತುಗಳನ್ನು ಆ ಪಟ್ಟಿ ಉಲ್ಲಂಘಿಸಿತ್ತು. ವಿಸ್ಕಾನ್ಸಿನ್ನಿನ ಸರ್ವರ್ ಸಾರ್ವಜನಿಕವಾಗಿತ್ತು. ಹೀಗಾಗಿ ಅಲ್ಲಿ ಕೆಡುಕೆಲ್ಲ ವಿಳಾಸವನ್ನು ಬರೆದ ರೀತಿಯಲ್ಲಿದ್ದಂತೆ ತೋರಿತು, ಪ್ಲಾಂಕ ಅವರು ಅದಕ್ಕೆ ತಕ್ಕ ಮದ್ದನ್ನು ಹೇಳಿದರು. ಡೆನ್ಮಾರ್ಕಿನ ಪ್ರಸಂಗದಲ್ಲಿ ಆ ಮುಸುಕು ಹೋಯಿತು. ವಿಳಾಸದ ರೂಪ ಗೌಣ. ಒಡೆಯನನ್ನು ಕೇಳಿದರೇ, ಅವನು ಬರೆದಿಟ್ಟ ಷರತ್ತನ್ನು ಓದಿದರೇ ಎಂಬುದೇ ಮುಖ್ಯ. ನಿಯಮಪತ್ರವು ವ್ಯಾಕರಣದ ತಪ್ಪನ್ನು ತಿದ್ದಿತು; ಆದರೆ ತಪ್ಪಿದ್ದುದು ನಡತೆಯಲ್ಲಿ.

ಗದ್ಯವಾಗಿ ನೋಡಿದರೆ ಕಾಂಪ್ ಅವರ ಪತ್ರ ಪ್ಲಾಂಕ ಅವರ ವರದಿಗೆ ಸಮನಲ್ಲ. ಶೀರ್ಷಿಕೆಯಲ್ಲಿಯೇ ‘ವಿಧ್ವಂಸ’ವೆಂಬ ಅರ್ಥದ ಪದವನ್ನು ಬಳಸಿ ಅದು ತೀರ್ಪನ್ನು ಮೊದಲು ಹೇಳಿ ಸಾಕ್ಷ್ಯವನ್ನು ಆಮೇಲೆ ಕೊಡುತ್ತದೆ. ಕೋಪ, ಲೆಕ್ಕಪತ್ರ, ತಾಂತ್ರಿಕ ವಿವರಣೆ ಮೂರೂ ಒಂದರ ಮೇಲೊಂದು ಬೀಳುತ್ತವೆ. ಆದರೂ ವಸ್ತುವಿನ ತಿರುಳನ್ನು ಹಿಡಿದದ್ದು ಆ ಕೋಪವೇ ಎಂದು ಒಪ್ಪಬೇಕಾಗುತ್ತದೆ. ವಿಶ್ವವಿದ್ಯಾನಿಲಯದ ನೌಕರನಿಗೆ ಪ್ರವಾಹವು ಕಾರ್ಯಭಾರದ ಸಮಸ್ಯೆ. ಬಿಲ್ಲು ಸ್ವಂತ ಹೆಸರಿಗೆ ಬಂದವನಿಗೆ ಅದು ಅನ್ಯಾಯ. ಪ್ಲಾಂಕ ಅವರ ಸಮಚಿತ್ತದ ವಾಕ್ಯಗಳು ನೋಡಲಾರದುದನ್ನು ಕಾಂಪ್ ಅವರ ಒರಟು ವಾಕ್ಯಗಳು ನೋಡಿದವು. ಸಮಚಿತ್ತವೇ ಶಾಸ್ತ್ರಗದ್ಯದ ಏಕೈಕ ಗುಣವೆಂದು ವಿದ್ಯಾರ್ಥಿಗಳಿಗೆ ಬೋಧಿಸುವವರು (ಈ ಲೇಖಕನೂ ಅವರಲ್ಲಿ ಒಬ್ಬ) ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.

ಮುಂದಿನ ವರ್ಷಗಳ ಕಥೆಯೂ ಕಾಂಪ್ ಅವರ ನೋಟವನ್ನೇ ಸಮರ್ಥಿಸುತ್ತದೆ. ೨೦೦೬ರ ಜನವರಿಯಲ್ಲಿ ಪ್ರಕಟವಾದ ಮಿಲ್ಸ್ ಅವರ ಆರ್.ಎಫ್.ಸಿ. ೪೩೩೦ರಲ್ಲಿ ಯಾವ ಸನ್ನಿವೇಶದಲ್ಲಿಯೂ ಹದಿನೈದು ಸೆಕೆಂಡಿಗಿಂತ ಬೇಗ ಕೇಳಕೂಡದೆಂದು, ಉತ್ತರ ಬಾರದಿದ್ದರೆ ಅಂತರವನ್ನು ಹೆಚ್ಚಿಸುತ್ತ ಹೋಗಬೇಕೆಂದು ವಿಧಿಸಲಾಯಿತು. ಅಜಾಗ್ರತೆಗೆ ಇದು ತಕ್ಕ ಮದ್ದು. ಅನುಮತಿಯ ಪ್ರಶ್ನೆಗೆ ಉತ್ತರ ಬಂದುದು ಬೇರೆ ಕಡೆಯಿಂದ. ಸ್ವಯಂಸೇವಕರ ಸಾವಿರಾರು ಸರ್ವರ್‌ಗಳನ್ನು ಒಂದೇ ಹೆಸರಿನಡಿ ಕೂಡಿಸಿ ೨೦೦೩ರಲ್ಲಿ ಆರಂಭವಾದ ಎನ್.ಟಿ.ಪಿ. ಪೂಲ್ ಎಂಬ ಕೂಟವು, ಸರಕಿನಲ್ಲಿ ತನ್ನನ್ನು ಬಳಸಬಯಸುವ ತಯಾರಕರು ಮೊದಲು ಕೇಳಿ ತಮಗೆಂದೇ ಪ್ರತ್ಯೇಕ ಹೆಸರನ್ನು ಪಡೆಯಬೇಕೆಂಬ ಪದ್ಧತಿಯನ್ನು ತಂದಿತು. ಇಲ್ಲಿ ಹೆಸರೇ ಅನುಮತಿಯ ಗುರುತು. ತಯಾರಕನೊಬ್ಬನ ಯಂತ್ರಗಳು ಹದಗೆಟ್ಟರೆ ಆ ಒಂದು ಹೆಸರನ್ನು ಮಾತ್ರ ಬೇರ್ಪಡಿಸಬಹುದು, ಇತರರಿಗೆ ತೊಂದರೆಯಿಲ್ಲ. ಪ್ಲಾಂಕ ಅವರ ಮದ್ದಿಗೆ ಕಾಂಪ್ ಅವರ ರೋಗನಿದಾನವನ್ನು ಕೂಡಿಸಿದಂತಾಯಿತು. ಹಾಗೆಂದು ಎಲ್ಲರೂ ಕೇಳಿಯೇ ಬಳಸಿದರೆಂದಲ್ಲ. ೨೦೧೬ರ ಡಿಸೆಂಬರ್‌ನಲ್ಲಿ ಸ್ನ್ಯಾಪ್‌ಚಾಟ್ ಎಂಬ ಫೋನಿನ ಆಪ್ ಪೂಲ್‌ನ ಮೇಲೆ ಹಠಾತ್ತಾಗಿ ದೊಡ್ಡ ಹೊರೆಯನ್ನು ಹಾಕಿತು. ಫೋನಿನ ಆಪ್ ತಾನಾಗಿ ಹೊಸದಾಗಬಲ್ಲುದಾದುದರಿಂದ ಅದನ್ನು ಬೇಗ ತಿದ್ದಲು ಸಾಧ್ಯವಾಯಿತು. ಮನೆಯ ಮೂಲೆಯ ರೌಟರ್‌ಗೆ ಆ ಭಾಗ್ಯವಿರಲಿಲ್ಲ.

ಮೂರೂ ಬರಹಗಳ ಹೊರಗೆ ಉಳಿದ ಒಂದು ನಷ್ಟವನ್ನೂ ಇಲ್ಲಿ ಹೇಳಬೇಕು. ೨೦೦೩ರಲ್ಲಿಯೇ ಆಸ್ಟ್ರೇಲಿಯದ ಸಿ.ಎಸ್.ಐ.ಆರ್.ಓ. ಸಂಸ್ಥೆಯ ರಾಷ್ಟ್ರೀಯ ಮಾಪನ ಪ್ರಯೋಗಾಲಯದ ಟೈಮ್ ಸರ್ವರ್‌ಗಳ ಮೇಲೆ ಎಸ್.ಎಂ.ಸಿ. ಕಂಪನಿಯ ಕೆಲವು ರೌಟರ್‌ಗಳು ಇದೇ ಬಗೆಯಲ್ಲಿ ಎರಗಿದವು. ಅಲ್ಲಿಯೂ ಸರ್ವರ್‌ನ ಸಂಖ್ಯೆಯನ್ನು ಕೊರೆದಿಡಲಾಗಿತ್ತು. ಪ್ರಯೋಗಾಲಯವು ತನ್ನ ಸರ್ವರ್‌ಗಳನ್ನು ಸಾರ್ವಜನಿಕರಿಗೆ ಮುಚ್ಚಿತು. ಅಲ್ಲಿಂದ ಪ್ಲಾಂಕ ಅವರದಂತಹ ವರದಿಯಾಗಲಿ ಕಾಂಪ್ ಅವರದಂತಹ ಪತ್ರವಾಗಲಿ ಪ್ರಸಿದ್ಧವಾಗಲಿಲ್ಲ. ಆದುದರಿಂದ ಈ ಪ್ರಸಂಗ ಚರ್ಚೆಗಳಲ್ಲಿ ಒಂದು ಸಾಲಿನ ಉಲ್ಲೇಖವಾಗಿ ಉಳಿದಿದೆ. ಆದರೆ ಬಾಗಿಲು ಮುಚ್ಚಿದ್ದು ಅಲ್ಲಿಯೇ.

ಡಿ-ಲಿಂಕ್ ಮತ್ತು ಕಾಂಪ್ ೨೦೦೬ರ ಏಪ್ರಿಲ್ ೨೭ರಂದು ತಮ್ಮ ವಿವಾದ ಸೌಹಾರ್ದದಿಂದ ಬಗೆಹರಿಯಿತೆಂದು ಪ್ರಕಟಿಸಿದರು. ಕೆಲವೇ ವಾಕ್ಯಗಳ ಆ ಪ್ರಕಟಣೆಯಲ್ಲಿ, ಕಂಪನಿಯ ಹೊಸ ಯಂತ್ರಗಳು ಕಾಂಪ್ ಅವರ ಸರ್ವರ್ ಅನ್ನು ಬಳಸುವುದಿಲ್ಲವೆಂದಿದೆ. ಆಗಲೇ ಮನೆಗಳನ್ನು ಸೇರಿದ ಯಂತ್ರಗಳಿಗೆ ಮಾತ್ರ, ಕೇಳುವುದಕ್ಕೆ ಅನುಮತಿಯನ್ನು ಕೊಡಲಾಗಿದೆ.